ಹಂದಿಮೀನಿಗೆ ಹಾಕಿದ ಉಪ್ಪು

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಬೀಜಾಡಿಯ ಕಡಲ ತಡಿಯಲ್ಲಿ ಮರಳು ಅಗೆಯುತ್ತಿದ್ದೆ. ಐದು ತಿಂಗಳ ಹಿಂದೆ ನಾವೇ ಹೂತಿದ್ದ ಹಂದಿಮೀನಿನ ಮೂಳೆಗಳನ್ನು ಹೊರತೆಗೆಯುವ ಕೆಲಸ. ಮಾಂಸವೆಲ್ಲ ಹುಳಹುಪ್ಪಟೆಗಳ ಪಾಲಾಗಿ ಒಳಗೆ ಬರೀ ಮೂಳೆ ಕಾದಿರುತ್ತದೆ ಎಂಬ ಲೆಕ್ಕದಲ್ಲಿ ಬ್ರಷ್, ಹಳೆಯ ಪತ್ರಿಕೆ, ನಂಬರ್ ಬರೆದ ಚೀಟಿ ಎಲ್ಲ ತಂದಿದ್ದೆ. ಎರಡಡಿ ಇಳಿಯುವಷ್ಟರಲ್ಲಿ ಮೂಗಿಗೆ ಬಡಿದದ್ದು ಸಂತೆಯಲ್ಲಿ ಒಣಮೀನಿನ ಸಾಲಿಗೆ ಕಾಲಿಟ್ಟಾಗ ಬರುತ್ತದಲ್ಲ, ಆ ವಾಸನೆ. ಸುತ್ತಿದ್ದ ಹಳೇ ಬಲೆ ಬಿಡಿಸಿ ನೋಡಿದರೆ ಪ್ರಾಣಿ ಹೂತಾಗ ಹೇಗಿತ್ತೋ ಹೆಚ್ಚುಕಮ್ಮಿ ಹಾಗೇ ಮಲಗಿತ್ತು. ಚರ್ಮ ಬಿಗಿದು ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿತ್ತು. ಮೈಮೇಲೆ ಅಲ್ಲಲ್ಲಿ ಕಲ್ಲುಪ್ಪಿನ ಹರಳು.

ಗುಂಡಿಯ ಪಕ್ಕದಲ್ಲೇ ಒಣಮೀನು ಹರವುವ ಅಂಗಳ. ಅದರ ಒಡತಿ, ಅರವತ್ತು ದಾಟಿದ ಮೊಗವೀರ ಹೆಂಗಸು, ಸೊಂಟಕ್ಕೆ ಕೈಕೊಟ್ಟು ನಿಂತು ನೋಡುತ್ತಿದ್ದರು.

"ಅಕ್ಕಾ, ಇದ್ಕ್ ಉಪ್ಪ್ ಯಾರ್ ಹಾಕದ್ದ್?" ಅಂದೆ.

"ನಾನೇ ಹಾಕದ್ದ್ ಮಾಷ್ಟ್ರೆ. ಅರ್ಧ ಮೂಟಿ. ಎಂತಕ್ಕೆ, ಕಮ್ಮಿ ಆಯ್ತಾ?"

"ಕಮ್ಮಿ ಆದ್ದಲ್ಲ ಮಾರಾಯ್ರೆ! ಕೊಳಿಲಿ ಅಂದೇಳಿ ಹೂತದ್ದ್ ನಾವ್. ನೀವ್ ಒಣ್ ಮೀನ್ ಮಾಡಿ ಇಟ್ಟಿದ್ರಿ. ಇನ್ನ್ ಒಂದ್ ಬಟ್ಲ್ ಗಂಜಿ ಇದ್ರೆ ಸಾಕ್."

ಅವರು ಸಣ್ಣಗೆ ನಕ್ಕು ಬುಟ್ಟಿ ಎತ್ತಿಕೊಂಡು ಹೋದರು. ನನಗೆ ತಡೆಯಲಾಗದ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಗೊತ್ತಿರಲಿಲ್ಲ. ಹೂತ ದಿನ ಅದನ್ನು ಗುಂಡಿಗಿಳಿಸಿ ಮುಚ್ಚುವ ಹೊತ್ತಿಗೆ ನಾನು ಅಲ್ಲಿರಲಿಲ್ಲ, ಅರಣ್ಯ ಇಲಾಖೆಯವರ ಕಾಗದಕ್ಕೆ ಸಾಕ್ಷಿಯ ಸಹಿ ಹಾಕಲು ರಸ್ತೆಯ ತನಕ ಹೋಗಿದ್ದೆ. ಹೋಗುವಾಗ ಅಕ್ಕನಿಗೆ "ಚೂರು ಮುಚ್ಚಿಬಿಡಿ" ಅಂತಷ್ಟೇ ಹೇಳಿದ್ದೆ. ಉಪ್ಪು ಹಾಕಬೇಡಿ ಎಂದು ಹೇಳಬೇಕು ಅಂತ ಯಾವ ಪುಣ್ಯಾತ್ಮನಿಗೆ ಹೊಳೆದೀತು?

ನಾನು ಮಾಷ್ಟ್ರಲ್ಲ. ಕೋಟೇಶ್ವರದ ಹತ್ತಿರದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಅಟೆಂಡರ್. ಇದನ್ನು ಆ ಅಕ್ಕನಿಗೆ ನೂರು ಸಲ ಹೇಳಿರಬಹುದು. ನೂರು ಸಲವೂ ಅವರು "ಆಯ್ತ್ ಮಾಷ್ಟ್ರೆ" ಎಂದಿದ್ದಾರೆ. ನಮ್ಮ ವಿಭಾಗದ ಕೊನೆಗೊಂದು ಉದ್ದ ಕೋಣೆ ಇದೆ. ಗಾಜಿನ ಭರಣಿಗಳಲ್ಲಿ ಕಡಲ್ಕುದುರೆ, ಹಾರುವ ಓತಿ, ಎರಡು ಬಾಲದ ಹಲ್ಲಿ, ಬೆನ್ನಲ್ಲೇ ಮುಳ್ಳಿನ ತೋಟ ಬೆಳೆಸಿಕೊಂಡ ಉಬ್ಬುಮೀನು. ಮಕ್ಕಳು ಅದಕ್ಕೆ ಉಪ್ಪಿನಕಾಯಿ ಕೋಣೆ ಎಂದು ಹೆಸರಿಟ್ಟಿದ್ದಾರೆ. ನನಗೆ ಅದರಲ್ಲಿ ಬೇಸರವಿಲ್ಲ. ದಿನಾ ಬೆಳಿಗ್ಗೆ ಒಂದೊಂದು ಭರಣಿ ಒರೆಸುವಾಗ ಆ ವಿಚಿತ್ರ ಮುಖಗಳನ್ನು ಮಾತಾಡಿಸದೆ ಮುಂದೆ ಹೋದವನಲ್ಲ ನಾನು. ಆದರೆ ಪ್ರಾಂಶುಪಾಲರಿಗೆ ಉತ್ತರಪತ್ರಿಕೆಯ ಕಟ್ಟುಗಳನ್ನು ಇಡಲು ಜಾಗ ಬೇಕಿತ್ತು. "ಜೂನ್‌ನಲ್ಲಿ ಕಾಲೇಜು ಶುರುವಾಗುವಾಗ ಆ ಕೋಣೆಯಲ್ಲಿ ಜನ ನಿಂತು ನೋಡುವಂಥದ್ದು ಏನಾದರೂ ಇದ್ದರೆ ಇರಲಿ. ಇಲ್ಲದಿದ್ದರೆ ಭರಣಿ ಎಲ್ಲ ಮೆಟ್ಟಿಲಿನ ಅಡಿಗೆ," ಎಂದು ಅವರು ವಿಭಾಗದ ಮುಖ್ಯಸ್ಥೆಯಾದ ಮೇಡಂಗೆ ಹೇಳಿದ್ದರು. ನಮ್ಮ ಮೆಟ್ಟಿಲಿನ ಅಡಿ ಮಳೆಗಾಲದಲ್ಲಿ ಮೊಣಕಾಲು ಮಟ್ಟ ನೀರು ನಿಲ್ಲುವ ಜಾಗ.

ಹಾಗಾಗಿ ನವೆಂಬರಿನಲ್ಲಿ ಹಂದಿಮೀನು ಸತ್ತು ತೇಲಿ ಬಂದಿದೆ ಎಂಬ ಸುದ್ದಿ ಸಿಕ್ಕಿದಾಗ ಮೇಡಂ ಬಿಟ್ಟಿರಲಿಲ್ಲ. ಅನುಮತಿಗೆ ಓಡಾಡಿದರು. ಪಶುವೈದ್ಯರು ಬಂದು ಅಳತೆ ತೆಗೆದು ಪರೀಕ್ಷಿಸಿದ ಮೇಲೆ ಮೂಳೆ ಕಾಲೇಜಿಗೆ ಎಂದು ಬರವಣಿಗೆಯಲ್ಲಿ ಸಿಕ್ಕಿತು. ಬೆನ್ನ ಮೇಲೆ ರೆಕ್ಕೆ ಇಲ್ಲದ, ದುಂಡು ತಲೆಯ, ಡಾಲ್ಫಿನ್ನಿನ ನೆಂಟಸ್ತಿಕೆಯ ಸಣ್ಣ ಜಾತಿ ಅದು. ನನ್ನ ಎತ್ತರಕ್ಕಿಂತ ಸ್ವಲ್ಪ ಕಮ್ಮಿ. ಅದರ ಬಾಯಿಯ ಕೊನೆ ಮೇಲಕ್ಕೆ ತಿರುಗಿದ್ದು, ಸತ್ತ ಮೇಲೂ ಏನೋ ತಮಾಷೆ ನೆನಪಾದವರ ಮುಖ. ಹೆಸರಿಗೆ ಹಂದಿಮೀನು. ಹಂದಿಯೂ ಅಲ್ಲ, ಮೀನೂ ಅಲ್ಲ. ಗಾಳಿ ಉಸಿರಾಡುತ್ತದೆ, ಮರಿಗೆ ಮೊಲೆಯುಣಿಸುತ್ತದೆ.

ಸರಿ, ಉಪ್ಪು ಬಿದ್ದಾಗಿದೆ. ನಾವು ದಾಖಲೆ ಪುಸ್ತಕದಲ್ಲಿ ಪ್ರತಿ ಹಂತ ಬರೆದಿಡುವುದು ಕಡ್ಡಾಯ. ಮೇಡಂ ಹೇಳಿದರು, ನಾನು ಬರೆದೆ: "ಹೂಳುವಾಗ ತಪ್ಪಾಗಿ ಉಪ್ಪು ಹಾಕಲಾಗಿದೆ. ಮಾಂಸ ಕೊಳೆತಿಲ್ಲ." 'ತಪ್ಪಾಗಿ' ಎಂಬುದನ್ನು ಸಿಟ್ಟಿನಲ್ಲಿ ಸ್ವಲ್ಪ ಒತ್ತಿಯೇ ಬರೆದಿದ್ದೆ, ಹಿಂದಿನ ಪುಟದಲ್ಲೂ ಅಚ್ಚು ಮೂಡಿತ್ತು.

ಇನ್ನೊಮ್ಮೆ ಹೂತು ಕಾಯಲು ಸಮಯವಿರಲಿಲ್ಲ. ನೀರಿನಲ್ಲಿ ಕೊಳೆಸುವುದೊಂದೇ ದಾರಿ. ಕಾಲೇಜಿನ ಹತ್ತಿರ ಆ ವಾಸನೆ ಎಬ್ಬಿಸಿದರೆ ಕೋಣೆ ಮಾತ್ರವಲ್ಲ, ನನ್ನ ಕೆಲಸವೂ ಹೋದೀತು. ಕಡೆಗೆ ಅಕ್ಕನೇ ತಮ್ಮ ಅಂಗಳದ ಮೂಲೆ ಬಿಟ್ಟುಕೊಟ್ಟರು. "ನಮ್ಗೆ ವಾಸ್ನಿ ಹೊಸ್ತಾ ಮಾಷ್ಟ್ರೆ?" ಅಂದರು. ನಾಲ್ಕು ಪ್ಲಾಸ್ಟಿಕ್ ಡ್ರಮ್ ತಂದೆ. ಮೊದಲ ವಾರ ಬರೀ ಉಪ್ಪು ಬಿಡಿಸುವ ಕೆಲಸ. ಅವರ ಬಾವಿಯ ಸಿಹಿನೀರು ತುಂಬುವುದು, ಸಂಜೆ ಚೆಲ್ಲುವುದು, ಮತ್ತೆ ತುಂಬುವುದು. ಚೆಲ್ಲುವ ಮೊದಲು ನಾಲಿಗೆಗೆ ತಾಗಿಸಿ ನೋಡುವಷ್ಟು ಭಂಡಧೈರ್ಯ ನನಗಿರಲಿಲ್ಲ. ಅಕ್ಕ ಬೆರಳದ್ದಿ, ಎರಡು ಬೆರಳು ಉಜ್ಜಿ, "ಇನ್ನೂ ಇತ್ತ್" ಎನ್ನುತ್ತಿದ್ದರು. ಏಳನೆಯ ದಿನ "ಈಗ ಇಲ್ಲೆ" ಅಂದರು. ಅದರ ಮರುದಿನದಿಂದ ನಿಜವಾಗಿ ಕೊಳೆಯಲು ಶುರುವಾಯಿತು.

ಸಡಿಲವಾದ ಮಾಂಸವನ್ನು ಚಾಕುವಿನಿಂದ ಬಿಡಿಸಿ, ಹಳೆಯ ಗುಂಡಿಗೇ ಎಸೆದು ಮರಳು ಎಳೆದೆ. ಬೆನ್ನಿನ ಮೂಳೆ ಅರವತ್ತರ ಹತ್ತಿರ. ಒಂದೊಂದು ಹೊರಬಂದ ಹಾಗೆ ಅದೇ ಕ್ರಮದಲ್ಲಿ ನೈಲಾನ್ ಹಗ್ಗಕ್ಕೆ ಪೋಣಿಸಬೇಕು, ತಪ್ಪಿದರೆ ಬ್ರಹ್ಮನಿಗೂ ಜೋಡಿಸಲಾಗದು. ಎದೆಯ ಎರಡು ಬದಿಯ ರೆಕ್ಕೆಗಳನ್ನು ಬೇರೆಬೇರೆ ಈರುಳ್ಳಿ ಚೀಲದಲ್ಲಿ ಕಟ್ಟಿ ನೀರಿಗೆ ಬಿಟ್ಟಿದ್ದೆವು. ಎಡದ್ದು ಬಲದ್ದು ಸೇರಬಾರದಲ್ಲ. ಅದನ್ನು ಬಿಚ್ಚಿದ ದಿನ ನಾನು ಕುಕ್ಕರಗಾಲಿನಲ್ಲಿ ಕುಳಿತೇ ಇದ್ದುಬಿಟ್ಟೆ. ಹೊರಗಿನಿಂದ ದೋಣಿಯ ಹುಟ್ಟಿನಂತೆ ಕಾಣುವ ಆ ರೆಕ್ಕೆಯ ಒಳಗೆ ಗಿಡ್ಡದೊಂದು ತೋಳು, ಮುಂಗೈಯ ಎರಡು ಮೂಳೆ, ಮಣಿಕಟ್ಟಿನ ಹರಳುಗಳು, ಆಮೇಲೆ ಸಾಲುಸಾಲಾಗಿ ಬೆರಳು. ಪುಸ್ತಕದ ಚಿತ್ರದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಚಿತ್ರ ನೋಡುವುದಕ್ಕೂ ಅಂಗೈ ಮೇಲೆ ಇನ್ನೊಂದು ಅಂಗೈ ಹರವಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಹಲ್ಲುಗಳೂ ಅಷ್ಟೇ, ಚೂಪಲ್ಲ, ಸಣ್ಣಸಣ್ಣ ಸಲಿಕೆಗಳು. ಕಿವಿಯ ಮೂಳೆಯಂತೂ ದಂಡೆಯಲ್ಲಿ ಬಿದ್ದಿದ್ದರೆ ಕವಡೆ ಎಂದು ಯಾರಾದರೂ ಕಿಸೆಗೆ ಹಾಕಿಕೊಂಡು ಹೋಗುವಂತಿತ್ತು. ಇಷ್ಟೆಲ್ಲ ಅಂದಚಂದವನ್ನು ಒಳಗೇ ಅಡಗಿಸಿಕೊಂಡು ನಮ್ಮ ಕಡಲಲ್ಲಿ ಈಜಿಕೊಂಡಿತ್ತಲ್ಲ ಎಂದು ಆ ಪ್ರಾಣಿಯ ಮೇಲೆ ಮಮತೆ ಉಕ್ಕಿತು.

ಜಿಡ್ಡು ತೆಗೆಯಲು ಪಾತ್ರೆ ತೊಳೆಯುವ ಸಾಬೂನಿನ ನೀರಿನಲ್ಲಿ ಎರಡು ವಾರ. ಬ್ಲೀಚಿಂಗ್ ಪೌಡರ್ ಹಾಕಿದರೆ ಒಂದೇ ದಿನದಲ್ಲಿ ಬೆಳ್ಳಗಾಗುತ್ತದೆ, ಆದರೆ ಮೂಳೆ ಸೀಮೆಸುಣ್ಣದ ಹಾಗೆ ಪುಡಿಯಾಗುತ್ತದೆ. ಹಿಂದೆ ಒಂದು ಮುಂಗುಸಿಯ ತಲೆಬುರುಡೆಯನ್ನು ಹೀಗೆ ಹಾಳು ಮಾಡಿ ಬೈಸಿಕೊಂಡವನು ನಾನು. ಮೆಡಿಕಲ್ ಅಂಗಡಿಯಿಂದ ತಂದ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನಿಧಾನಕ್ಕೆ ಬೆಳ್ಳಗೆ ಮಾಡಿದೆವು. ಬೋಟಿನ ಎಂಜಿನ್ ರಿಪೇರಿ ಮಾಡುವವರು ಬೆನ್ನಿನ ಬಾಗಿಗೆ ಸರಿಯಾಗಿ ಸ್ಟೀಲ್ ಸರಳು ಬಗ್ಗಿಸಿಕೊಟ್ಟರು. ಬೆನ್ನಿನ ಮೂಳೆಗಳ ನಡುವಿನ ಮೆತ್ತೆಗೆ ಬಿಳಿ ಹವಾಯಿ ಚಪ್ಪಲಿಯನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿದೆ. ಮೇ ಮೂರನೆಯ ವಾರದ ಹೊತ್ತಿಗೆ ಕೋಣೆಯ ಮಧ್ಯದಲ್ಲಿ ಹಂದಿಮೀನು ಈಜುವ ಭಂಗಿಯಲ್ಲಿ ನೇತಾಡುತ್ತಿತ್ತು.

ಮೇಡಂ ಚಿತ್ರ ಹಿಡಿದುಕೊಂಡು ಒಂದೊಂದೇ ಮೂಳೆಗೆ ಗುರುತು ಹಾಕಿದರು. ಕೊನೆಗೆ ಕನ್ನಡಕ ತೆಗೆದು, "ಎರಡು ಕಮ್ಮಿ ಉಂಟಲ್ಲ," ಅಂದರು.

"ಪಕ್ಕೆಲುಬಾ ಮೇಡಂ?"

"ಅಲ್ಲ. ಸೊಂಟದ ಮೂಳೆ."

ನನಗೆ ನಗು ಬಂತು. "ಕಾಲೇ ಇಲ್ಲದಿದ್ದಕ್ಕೆ ಸೊಂಟ ಎಲ್ಲಿಂದ ಬರ್ಬೇಕ್ ಮೇಡಂ?"

ಅವರು ನಗಲಿಲ್ಲ. ಕುರ್ಚಿ ಎಳೆದು ಕುಳಿತು ವಿವರಿಸಿದರು. ಇದರ ಹಿಂದಿನ ಹಿಂದಿನವರು ನೆಲದ ಮೇಲೆ ನಾಲ್ಕು ಕಾಲಲ್ಲಿ ನಡೆದಾಡಿಕೊಂಡಿದ್ದವರು. ನೀರಿಗಿಳಿದ ಮೇಲೆ ಹಿಂಗಾಲು ಹೋಯಿತು, ಸೊಂಟದ ಎರಡು ಕಡ್ಡಿ ಉಳಿಯಿತು. ಬೆರಳುದ್ದ. ಬೆನ್ನಿಗೆ ಅಂಟಿಕೊಂಡಿರುವುದಿಲ್ಲ, ಹೊಟ್ಟೆಯ ಕೆಳಗೆ ಮಾಂಸದ ನಡುವೆ ಒಂಟಿಯಾಗಿ ಇರುತ್ತವೆ. ಕೇಳುತ್ತಾ ಕೇಳುತ್ತಾ ನನಗೆ ನೆನಪಾಯಿತು. ಚಾಕುವಿಗೆ ಅಲ್ಲೊಂದು ಗಟ್ಟಿ ಸಿಕ್ಕಿತ್ತು. ನರ ಇರಬೇಕು ಎಂದು ಮಾಂಸದ ಮುದ್ದೆಯ ಜೊತೆಗೇ ಗುಂಡಿಗೆ ಎಸೆದಿದ್ದೆ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕಾಲೇಜು ಶುರುವಾಗಲು ಎರಡು ವಾರವಿಲ್ಲ. ನಾನು ಆ ಸಂಜೆ ಸೋರುವ ಪೈಪಿಗೆ ಮೆತ್ತುವ ಎಂಸೀಲ್ ಕಲಸಿ, ಚಿತ್ರ ನೋಡಿ, ಎರಡು ಮೂಳೆ ಮಾಡಿದೆ. ಚಹಾದ ನೀರು ಹಚ್ಚಿ ಹಳತಿನ ಬಣ್ಣ ಬರಿಸಿದೆ. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿ ಬಂದಿತ್ತು. ಪ್ರಾಂಶುಪಾಲರೇನು, ಹಂದಿಮೀನು ಸ್ವತಃ ಎದ್ದುಬಂದರೂ ಗುರುತು ಹಿಡಿಯುತ್ತಿರಲಿಲ್ಲ. ಬೆಳಿಗ್ಗೆ ಮೇಡಂ ಮೇಜಿನ ಮೇಲೆ ಇಟ್ಟೆ. ಅವರು ತಿರುಗಿಸಿ ತಿರುಗಿಸಿ ನೋಡಿ, "ಕೈ ಚಳಕ ಉಂಟು ನಿಮ್ಗೆ," ಎಂದು ಹೊಗಳಿದರು. ಆಮೇಲೆ ಕೇಳಿದರು, "ಚೀಟಿಯಲ್ಲಿ ಎಂತ ಬರೀತೀರಿ?"

ಆ ಕೋಣೆಯ ಒಂದೊಂದು ಭರಣಿಯ ಚೀಟಿಯನ್ನೂ ಬರೆದವನು ನಾನೇ. ಅಕ್ಷರ ದುಂಡಗಿಲ್ಲದಿರಬಹುದು, ಸುಳ್ಳು ಒಂದೂ ಇಲ್ಲ. ಎರಡು ಬಾಲದ ಹಲ್ಲಿಗೆ ಎರಡೇ ಬಾಲ. ನಕಲಿ ಎಂದು ಬರೆದು ತೂಗುಹಾಕಿದರೆ ಕೋಣೆ ಉಳಿಯುವುದು ಕಷ್ಟ. ಬರೆಯದೆ ತೂಗುಹಾಕಿದರೆ ಉಳಿದ ಕೋಣೆಯಲ್ಲಿ ನಾನು ಭರಣಿ ಒರೆಸುವುದು ಹೇಗೆ? ಎಂಸೀಲ್ ಮೂಳೆಗಳನ್ನು ಡ್ರಾವರಿಗೆ ಹಾಕಿ, ಮೂರು ದಿನ ರಜೆ ಬರೆದುಕೊಟ್ಟು ಬೀಜಾಡಿಗೆ ಹೋದೆ.

ಕಡಲು ಆಗಲೇ ಬಣ್ಣ ಬದಲಿಸಿತ್ತು. ಪ್ರತಿ ವರ್ಷದ ಹಾಗೆ ದಂಡೆ ಕೊರೆಯಲು ಶುರುವಾಗಿ, ಅಲೆ ಗುಂಡಿಯಿಂದ ಹತ್ತು ಮಾರು ದೂರಕ್ಕೆ ಬಂದು ಹಿಂದೆ ಸರಿಯುತ್ತಿತ್ತು. ಅಕ್ಕ ಒಣಮೀನಿನ ಕೆಲಸ ಮುಗಿಸಿ ಚಾಪೆ ಸುತ್ತಿಡುತ್ತಿದ್ದರು.

"ಹ್ವಾಯ್, ಎಂತ ಮಾಷ್ಟ್ರೆ, ಮತ್ತೆ ಅಗೀತ್ರಿಯಾ?"

ವಿಷಯ ಹೇಳಿದೆ. ನಕ್ಕುಬಿಡುತ್ತಾರೆ ಎಂದುಕೊಂಡಿದ್ದೆ. ಉಪ್ಪಿನ ವಿಷಯ ಎತ್ತಿ ಅವರನ್ನು ಏಪ್ರಿಲ್ ಇಡೀ ಆಡಿಕೊಂಡಿದ್ದೆನಲ್ಲ, ಈಗ ಅವರ ಸರದಿ. ಅವರು ಒಳಗೆ ಹೋಗಿ ಒಣಸಿಗಡಿ ಜಾಲಿಸುವ ಜರಡಿ ಎರಡು ತಂದು, ಒಂದು ನನಗೆ ಕೊಟ್ಟರು. "ನೀವ್ ಮೇಲಿನ್ ಮರ್ಳ್ ಕಾಣಿ. ಕೆಳ್ಗಿಂದ್ ನಾ ಕಾಂತೆ."

ಮೊದಲ ದಿನ ಸಿಕ್ಕಿದ್ದು ಮೀನಿನ ಮುಳ್ಳು, ಚಿಪ್ಪು, ಒಂದು ಬೀಡಿ ಲೈಟರು. ಎರಡನೆಯ ದಿನವೂ ಅದೇ. ನಾನು ಕಣ್ಣು ಕಿರಿದು ಮಾಡಿ ಒಂದೊಂದು ಚೂರನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅಕ್ಕ ಜರಡಿಯನ್ನು ನೋಡುತ್ತಲೇ ಇರಲಿಲ್ಲ. ಕಡಲನ್ನೋ, ಆಚೆ ಮನೆಯ ಕೋಳಿಯನ್ನೋ ನೋಡುತ್ತಾ ಬೆರಳು ಆಡಿಸುತ್ತಿದ್ದರು. "ಕಾಣ್ದೆ ಹ್ಯಾಂಗ್ ಸಿಗತ್ತ್ ಅಕ್ಕಾ?" ಎಂದು ರೇಗಿದೆ.

"ಕಣ್ಣಿಗೆ ಎಲ್ಲ ಬೆಳ್ಳಗೇ ಕಾಣತ್ತ್. ಬೆರ್ಳಿಗೆ ಹಾಂಗಲ್ಲ," ಅಂದರು.

ಮೂರನೆಯ ದಿನ ಬೆಳಿಗ್ಗೆಯೇ ಮೊದಲ ಮಳೆ. ಗುಂಡಿಯ ಬದಿ ಕುಸಿಯತೊಡಗಿತು. ಬಿಟ್ಟುಬಿಡುವ ಎಂದು ಹೇಳಲು ಬಾಯಿ ತೆರೆದಿದ್ದೆ, ಅಕ್ಕನ ಕೈ ಜರಡಿಯಲ್ಲಿ ನಿಂತಿತು. ತಲೆಗೆ ಕಟ್ಟಿದ್ದ ಬಟ್ಟೆಯಿಂದ ಒರೆಸಿ, ನನ್ನ ಅಂಗೈಗೆ ಒಂದು ಕಡ್ಡಿ ಇಟ್ಟರು. ನುಣುಪಾದ, ನಸು ಬಾಗಿದ, ಒಂದು ತುದಿ ದಪ್ಪ, ಇನ್ನೊಂದು ಸಪೂರ, ಕಿರುಬೆರಳಿಗಿಂತ ಗಿಡ್ಡ. "ಇದ್ ಮೀನ್ ಮುಳ್ಳ್ ಅಲ್ಲ ಮಾಷ್ಟ್ರೆ. ಮುಳ್ಳ್ ಇಷ್ಟ್ ನೊಂಪ್ ಇರುದಿಲ್ಲೆ." ನನ್ನ ಎಂಸೀಲಿನದ್ದಕ್ಕೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ನಾನು ಚಿತ್ರ ನೋಡಿ ಎರಡನ್ನೂ ನೆಟ್ಟಗೆ ಮಾಡಿದ್ದೆ. ಇದು ನಡೆಯುವುದನ್ನು ಅರ್ಧಕ್ಕೆ ಮರೆತ ಹಾಗೆ ಸ್ವಲ್ಪ ಓರೆಯಾಗಿತ್ತು. ಮಳೆಯಲ್ಲಿ ನಿಂತು ಅದನ್ನು ನೋಡುತ್ತಾ ನನಗೆ ಅಳು ಬಂತು. ಮಳೆಯಿದ್ದುದರಿಂದ ಬಚಾವ್.

ಇನ್ನೊಂದು ಸಿಗಲಿಲ್ಲ. ಮತ್ತೆರಡು ದಿನದಲ್ಲಿ ಗುಂಡಿಯಿದ್ದ ಜಾಗವನ್ನೇ ಕಡಲು ತೆಗೆದುಕೊಂಡು ಹೋಯಿತು.

ಕೋಣೆಯಲ್ಲಿ ಅಸ್ಥಿಪಂಜರದ ಕೆಳಗೆ ಎರಡು ಸಪೂರ ದಾರ ಇಳಿಬಿಟ್ಟೆ. ಎಡದ ದಾರದಲ್ಲಿ ಆ ಮೂಳೆ, ಬಾಗು ನೋಡಿ ಎಡದ್ದೆಂದು ಮೇಡಂ ಗುರುತಿಸಿದ್ದರು. ಬಲದ ದಾರ ಖಾಲಿ. ಚೀಟಿಯಲ್ಲಿ ಬರೆದೆ: "ಸೊಂಟದ ಮೂಳೆ, ಎಡ. ಬಲದ್ದು ಅಟೆಂಡರನ ಅಜಾಗ್ರತೆಯಿಂದ ಕಳೆದಿದೆ." ಮೇಡಂ ಓದಿ ಸಹಿ ಹಾಕಿದರು.

ಕಾಲೇಜು ಶುರುವಾದ ದಿನ ಪ್ರಾಂಶುಪಾಲರು ಬಂದರು. ತಲೆಬುರುಡೆ, ಬೆನ್ನು, ಎಲ್ಲ ನೋಡಿ ತಲೆಯಾಡಿಸುತ್ತಾ ಬಂದವರು ಖಾಲಿ ದಾರದ ಹತ್ತಿರ ನಿಂತರು. ದಾರವನ್ನು ಬೆರಳಿಂದ ಮುಟ್ಟಿ, "ಇಲ್ಲಿ ಏನಿತ್ತು?" ಎಂದು ಕೇಳಿದರು. ಎಲ್ಲ ಹೇಳಿದೆ. ಕಾಲಿದ್ದ ಕಾಲ, ನೀರಿಗಿಳಿದದ್ದು, ನನ್ನ ಚಾಕು, ಜರಡಿ, ಮಳೆ. ಅವರು ಕೇಳಿ ಮುಗಿದ ಮೇಲೆ ಪಕ್ಕದ ಖಾಲಿ ದಾರವನ್ನೂ ಎಡದ ಮೂಳೆಯನ್ನೂ ಇನ್ನೊಮ್ಮೆ ನೋಡಿ, "ಉತ್ತರಪತ್ರಿಕೆಗೆ ಬೇರೆ ಜಾಗ ನೋಡುವ," ಎಂದು ಮೇಡಂಗೆ ಹೇಳಿ ಹೋದರು. ನಾನು ಉಬ್ಬುಮೀನಿನ ಭರಣಿಯ ಪಕ್ಕದ ಸ್ಟೂಲಿನಲ್ಲಿ ಕುಳಿತೆ.

ಅದೇ ದಿನ ಮಧ್ಯಾಹ್ನ ಅಕ್ಕ ಬಂದರು. ಬರಲೇಬೇಕು ಎಂದು ನಾನೇ ಹೇಳಿದ್ದೆ. ಒಳ್ಳೆಯ ಸೀರೆ ಉಟ್ಟು, ಕೊಡೆಯನ್ನು ಬಾಗಿಲಲ್ಲೇ ಒರಗಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದರು. ತಾವು ಹುಡುಕಿದ ಮೂಳೆಯನ್ನು ನೋಡಿಯಾರು ಎಂದು ನಾನು ಆ ಕಡೆ ಕೈ ತೋರಿಸುತ್ತಿದ್ದೆ. ಅವರು ಅದನ್ನು ದಾಟಿ ನೇರ ಎದೆಯ ರೆಕ್ಕೆಯ ಹತ್ತಿರ ಹೋದರು. ತಂತಿಯಲ್ಲಿ ಜೋಡಿಸಿದ ಬೆರಳುಗಳನ್ನು ಮುಟ್ಟದೆ, ಗಾಳಿಯಲ್ಲಿ ತೋರುಬೆರಳು ಆಡಿಸಿ ಎಣಿಸಿದರು.

"ಐದೇ," ಅಂದರು. "ನಾ ಅಂದ್ಕಂಡದ್ದ್ ಸರಿ ಇತ್ತ್."

"ಯಾವಾಗ ಅಂದ್ಕಂಡದ್ದ್?"

"ಹೂಳುವತ್ತಿಗೆ. ನೀವ್ ರಸ್ತಿ ಬದಿಗ್ ಹೋಯಿದ್ರಿ. ಗುಂಡಿಗ್ ಇಳ್ಸುಕೆ ನಾನ್ ಅದ್ರ ರೆಕ್ಕಿ ಹಿಡ್ಕಂಡಿದ್ದೆ. ಚರ್ಮ ಸಡ್ಲ ಆಯಿದ್ದಿತ್. ಒಳ್ಗೆ ಬೆರ್ಳ್ ಸಿಕ್ತ್ ಮಾಷ್ಟ್ರೆ, ಸಣ್ ಮಕ್ಳ್ ಕೈ ಹಿಡ್ದಂಗೆ. ಮೀನಿಗೆ ಬೆರ್ಳ್ ಇರತ್ತಾ?"

ನಾನು ಇಲ್ಲ ಎಂದು ತಲೆಯಾಡಿಸಿದೆ.

"ನಮ್ಮಲ್ಲಿ ಸಣ್ ಮಕ್ಳ್ ತೀರಿ ಹೋರೆ ಸುಡುದಿಲ್ಲೆ. ಹೂಳುದ್. ಉಪ್ಪ್ ಹಾಕ್ದೆ ಮಣ್ಣ್ ಎಳುಕಾಗ. ಹಾಂಗೇ ಬಿಡುಕೆ ಮನ್ಸ್ ಬರ್ಲಿಲ್ಲ, ಒಳ್ಗಿದ್ದ್ ಮೂಟಿ ತಂದ್ ಹಾಕ್ದೆ."

"ಅಕ್ಕಾ, ಒಣ್ ಮೀನ್ ಮಾಡ್ದ್ರಿ ಅಂದೇಳಿ ನಾನ್ ಅಷ್ಟ್ ದಿನ ನೆಗಾಡ್ದೆ. ಒಂದ್ ಮಾತ್ ಹೇಳುಕಾಗ್ದಾ?"

"ನೀವ್ ನೆಗಾಡ್ತಾ ಕೆಲ್ಸ ಮಾಡ್ತಿದ್ರಿ. ನೆಗಾಡ್ಲಿ ಅಂದೇಳಿ ಬಿಟ್ಟೆ," ಎಂದು ಅವರು ಕೊಡೆ ತೆಗೆದುಕೊಂಡರು. "ಬತ್ತೆ ಮಾಷ್ಟ್ರೆ. ಬಸ್ಸ್ ಬಪ್ಪು ಹೊತ್ತಾಯ್ತ್."

ಮಾಷ್ಟ್ರಲ್ಲ ಎಂದು ಹೇಳಲು ಆ ದಿನ ನನಗೆ ಬಾಯಿ ಬರಲಿಲ್ಲ. ಅವರು ಗೇಟು ದಾಟುವ ತನಕ ಕಿಟಕಿಯಲ್ಲಿ ನಿಂತು ನೋಡಿ, ಕಪಾಟಿನಿಂದ ದಾಖಲೆ ಪುಸ್ತಕ ತೆಗೆದೆ. ಏಪ್ರಿಲ್ ತಿಂಗಳ ಆ ಸಾಲು ಸಿಕ್ಕಿತು. 'ತಪ್ಪಾಗಿ' ಎಂಬ ಪದದ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದೆ. ಈಗ ಅಲ್ಲಿ ಇಷ್ಟೇ ಇದೆ: ಹೂಳುವಾಗ ಉಪ್ಪು ಹಾಕಲಾಗಿದೆ.